ಜೇಡಿಪಟ್ಟಿಯ ಈಚೆ

“ಕಿವಿ ಹಿಡ್ಕೊಂಡು ಕೂತ್ಕೊಳೋ ಬೇವರ್ಸಿ. ಕಲ್ಲು ಮಾತಾಡೋದು ಆ ಕಿವೀಗೇ ತಾನೇ ಕೇಳಿಸೋದು? ಹಿಡ್ಕೊ. ಎರಡೂ ಹಿಡ್ಕೊ.”

ಅವನು ಕೈಯಲ್ಲಿದ್ದ ಸಲಾಕೆಯನ್ನು ಗೋಡೆಗೆ ಒರಗಿಸಿ, ಹೆಲ್ಮೆಟ್ಟಿನ ಪಟ್ಟಿ ಸಡಿಲಿಸಿ, ಎರಡೂ ಕಿವಿ ಹಿಡಿದುಕೊಂಡು ಕೆಸರು ನೀರಿನಲ್ಲಿ ಕುಕ್ಕರುಗಾಲಲ್ಲಿ ಕೂತ. ನೆಲದಿಂದ ನಾನೂರು ಮೀಟರ್ ಕೆಳಗಿನ ಸುರಂಗದಲ್ಲಿ ಹನ್ನೊಂದು ಜನರ ಹೆಲ್ಮೆಟ್ ದೀಪಗಳು ಅವನ ಮೇಲೆ ಬಿದ್ದವು. ಒಂದು ಗಳಿಗೆ ಅಷ್ಟೆ. ಆಮೇಲೆ ಒಂದೊಂದಾಗಿ ಬೇರೆ ಕಡೆ ತಿರುಗಿದವು. ಗಣಿಯೊಳಗೆ ಮುಖ ತಿರುಗಿಸಿದ್ದನ್ನು ಮುಚ್ಚಿಡಲು ಆಗುವುದಿಲ್ಲ, ಮುಖದ ಜೊತೆ ಬೆಳಕೂ ತಿರುಗುತ್ತದೆ. ಕೊನೆಗೆ ಅವನ ಮೇಲೆ ಉಳಿದದ್ದು ಮ್ಯಾನೇಜರನ ದೀಪ ಒಂದೇ.

ಅವನ ಕೆಲಸ ಸುರಂಗದ ಸೂರು ಬಡಿದು ನೋಡುವುದು. ಸಲಾಕೆಯಿಂದ ತಲೆಯ ಮೇಲಿನ ಕಲ್ಲನ್ನು ತಟ್ಟಿದರೆ ಗಟ್ಟಿ ಕಲ್ಲು ಗಂಟೆಯ ಹಾಗೆ ಕೇಳಿಸುತ್ತದೆ, ಬಿಟ್ಟುಕೊಂಡ ಕಲ್ಲು ಖಾಲಿ ಡಬ್ಬದ ಹಾಗೆ. ಇಪ್ಪತ್ತೆರಡು ವರ್ಷ ಅದನ್ನೇ ಕೇಳುತ್ತ ಬಂದವನನ್ನು ಎಲ್ಲರೂ ಕಿವಿ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಕೂಗಿದರೆ ಅವನೇ ಒಮ್ಮೊಮ್ಮೆ ಓಗೊಡುತ್ತಿರಲಿಲ್ಲ.

ಅವನು ಮಾಡಿದ್ದ ತಪ್ಪು ಇಷ್ಟೆ. ಕಲ್ಲು ಸಿಡಿಸಿದಾಗ ನೆಲ ಎಷ್ಟು ಅದುರಿತು ಎಂದು ಅಳೆಯುವ ಮೀಟರಿನ ಪೆಟ್ಟಿಗೆಯನ್ನು ಅವತ್ತು ಹೊತ್ತು ತಂದವನು ಅವನು. ತೋರಿಸಿದ ಜಾಗದಲ್ಲಿ ಇಳಿಸಿ ಸುಮ್ಮನಿರಬೇಕಿತ್ತು. “ಸಾರ್, ಇದನ್ನ ಜೇಡಿಪಟ್ಟಿ ಈಚೆ ಇಡಿ. ಆಚೆ ಇಟ್ರೆ ಅದಕ್ಕೇನೂ ತಿಳಿಯಲ್ಲ,” ಎಂದುಬಿಟ್ಟ. ಹೊಸದಾಗಿ ಬಂದಿದ್ದ ಇಂಜಿನಿಯರ್, ಎಲ್ಲರೂ ಮೀಟರ್ ಸಾಹೇಬ ಎನ್ನುತ್ತಿದ್ದವನು, ಮ್ಯಾನೇಜರನ ಮುಖ ನೋಡಿದ. “ಹತ್ತು ಹೆಜ್ಜೆ,” ಎಂದ ಮ್ಯಾನೇಜರ್. “ಬರೀ ಹತ್ತು ಹೆಜ್ಜೆಗೆ ಏನೋ ವ್ಯತ್ಯಾಸ?” “ಹೆಜ್ಜೆ ಲೆಕ್ಕ ಅಲ್ಲ ಸಾರ್, ನಡುವೆ ಪಟ್ಟಿ ಇದೆಯಲ್ಲ,” ಎಂದು ಕಿವಿ ಎರಡನೇ ಸಲ ಬಾಯಿ ಬಿಟ್ಟ. ಎರಡನೇ ಸಲಕ್ಕೆ ಈ ಶಿಕ್ಷೆ.

ಜೇಡಿಪಟ್ಟಿ ಎಂದರೆ ಆ ಸುರಂಗವನ್ನು ಅಡ್ಡಕ್ಕೆ ಸೀಳಿಕೊಂಡು ಹೋಗಿದ್ದ ಒಂದು ಬಿರುಕು. ಯಾವ ಕಾಲದಲ್ಲೋ ನೆಲ ಒಳಗೊಳಗೇ ಮುರಿದು, ಒಂದು ಪಾಲು ಕೆಳಗೆ ಜಾರಿ, ಸಂದಿನಲ್ಲಿ ಕಲ್ಲು ಅರೆದು ಹಿಟ್ಟಾಗಿ, ನೀರು ಕುಡಿದು ಜೇಡಿಮಣ್ಣಾಗಿತ್ತು. ಮೊಳದಗಲ, ಬೂದು ಬಣ್ಣ. ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಆಫೀಸಿನ ನಕ್ಷೆಯಲ್ಲಿ ಅದು ಒಂದು ಕೆಂಪು ಗೆರೆ, ಪಕ್ಕದಲ್ಲಿ ‘ಫಾಲ್ಟ್’ ಎಂದು ಬರೆದಿತ್ತು. “ಈಗ ಕಲ್ಲಿನ ಫಾಲ್ಟಂತೆ,” ಎಂದು ಡ್ರಿಲ್ ಹಿಡಿಯುವ ಉದ್ದಣ್ಣ ಎಲ್ಲರನ್ನೂ ನಗಿಸುತ್ತಿದ್ದ. “ನಾಳೆ ಏನಾದ್ರೂ ಆಗ್ಲಿ, ನಮ್ಮ ಫಾಲ್ಟ್ ಆಗುತ್ತೆ ನೋಡ್ತಿರಿ.” ಉದ್ದಣ್ಣ ಕಿವಿಯ ಅಕ್ಕನ ಗಂಡ.

ಸಿಡಿಸುವ ಹೊತ್ತಿಗೆ ಕೆಲಸದವರು ಹೋಗಿ ಕೂರುವ ಆಸರೆ ಕೋಣೆ ಮೊದಲು ಪಟ್ಟಿಯ ಆಚೆ, ಬಹಳ ಹಿಂದೆ ಇತ್ತು. ಹೋಗಿ ಬರಲು ನಲವತ್ತು ನಿಮಿಷ. “ನಿಮ್ಮನ್ನ ವಾಕಿಂಗ್ ಮಾಡೋಕೆ ಕರೆಸಿಲ್ಲ,” ಎಂದ ಮ್ಯಾನೇಜರ್ ಹೊಸ ಕೋಣೆ ಕೊರೆಸಿದ. ಪಟ್ಟಿಯ ಈಚೆ, ಅಂದರೆ ಕಲ್ಲು ಸಿಡಿಸುವ ಕಡೆಗೇ, ಪಟ್ಟಿಗೆ ತಾಗಿಕೊಂಡು. ಅಲ್ಲಿ ಕಲ್ಲು ಮೊದಲೇ ನುಜ್ಜುಗುಜ್ಜಾಗಿದ್ದರಿಂದ ಎಂಟು ದಿನದಲ್ಲಿ ಕೊರೆದು ಮುಗಿಯಿತು. ಮೀಟರ್ ಮಾತ್ರ ಪಟ್ಟಿಯ ಆಚೆಗೆ, ಕೋಣೆಯ ಬಾಗಿಲಿಂದ ಹತ್ತು ಹೆಜ್ಜೆ ದೂರದ ಗಟ್ಟಿ ನೆಲದ ಮೇಲೆ. ಸಿಡಿಸಿದಾಗೆಲ್ಲ ಅದು ಮೂರೂವರೆ ತೋರಿಸುತ್ತಿತ್ತು. ಹತ್ತರೊಳಗೆ ಇದ್ದರೆ ಕ್ಷೇಮ ಎಂದು ನಿಯಮ. ಕೋಣೆಯೊಳಗೆ ಕೂತ ಹನ್ನೆರಡು ಜನರ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಮೊದಲು ಎದುರಿನಿಂದ ಒಂದು ಏಟು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಬೆನ್ನಿನ ಕಡೆಯಿಂದ ಇನ್ನೊಂದು. ಸೂರಿನಿಂದ ಪುಡಿ ಉದುರುತ್ತಿತ್ತು. ಮೀಟರಿನ ಕಾಗದದಲ್ಲಿ ಮೂರೂವರೆ.

ಕಾಲು ಗಂಟೆ ಆದ ಮೇಲೆ ಮ್ಯಾನೇಜರ್, “ಏಳು. ಇನ್ಮೇಲೆ ಮೀಟರ್ ಹೊತ್ತು ಇಳಿಸಿ ಬಾಯಿ ಮುಚ್ಕೊಂಡಿರು,” ಎಂದು ಹೊರಟುಹೋದ.

ಸಂಜೆ ಮನೆಯಲ್ಲಿ ಅಕ್ಕ ಅವನ ಪ್ಯಾಂಟಿಗೆ ಮೆತ್ತಿದ ಕೆಸರು ನೋಡಿ, “ಬಿದ್ಯಾ?” ಎಂದು ಕೇಳಿದಳು. ಗಣಿಯ ಬಾಯಿಯ ಪಕ್ಕದಲ್ಲೇ ಲ್ಯಾಂಪ್ ರೂಮಿನಲ್ಲಿ ಅವಳ ಕೆಲಸ. ಇಳಿಯುವವರಿಗೆ ಚಾರ್ಜಾದ ದೀಪ ಕೊಟ್ಟು, ಅವರ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ನೇತುಹಾಕುವುದು. ಹತ್ತಿ ಬಂದ ಮೇಲೆ ದೀಪ ತಗೊಂಡು ಬಿಲ್ಲೆ ವಾಪಸು ಕೊಡುವುದು. ಎಲ್ಲರಿಗೂ ಅವಳು ಲ್ಯಾಂಪಕ್ಕ.

ಕಿವಿ ಕೆಸರನ್ನು ಉಗುರಿನಿಂದ ಕೆರೆಯುತ್ತ ನಿಂತ. ಉದ್ದಣ್ಣ ಹೇಳಿದ. “ಮ್ಯಾನೇಜರ್ ಕೂರ್ಸಿದ. ಕಿವಿ ಹಿಡ್ಸಿ.” ಸ್ವಲ್ಪ ಹೊತ್ತು ಬಿಟ್ಟು, “ನಾನೂ ದೀಪ ಆ ಕಡೆ ತಿರುಗಿಸ್ಕೊಂಡೆ ಕಣೇ,” ಎಂದ.

“ಬಿಡು ಭಾವ.”

“ಅಂಥದ್ದೇನಂದೆ ನೀನು?” ಎಂದಳು ಅಕ್ಕ.

ಉದ್ದಣ್ಣನ ಕಾಲು ಮಂಚದಿಂದ ಹೊರಗೆ ಚಾಚುತ್ತಿದ್ದವು. ಅದಕ್ಕೇ ಮಂಚದ ತುದಿಗೆ ಒಂದು ಬೆಂಚು ಜೋಡಿಸಿ, ಸಂದಿನಲ್ಲಿ ಹಳೆ ಬಟ್ಟೆ ತುರುಕಿದ್ದರು. ಕಿವಿ ಅದರ ಹತ್ತಿರ ಹೋದ. “ಅಕ್ಕ, ಬೆಂಚಿನ ಮೇಲೆ ಕೈಯಿಡು.” ಅವಳು ಇಟ್ಟಳು. ಅವನು ಮಂಚದ ತಲೆಯ ಕಡೆ ಮುಷ್ಟಿಯಿಂದ ಗುದ್ದಿದ.

“ಏನಾಯ್ತು?”

“ಏನಿಲ್ಲ. ಏನೋ ಒಂಚೂರು.”

“ಈಗ ಮಂಚದ ಮೇಲಿಡು. ಬಟ್ಟೆ ಪಕ್ಕದಲ್ಲೇ.” ಮತ್ತೆ ಗುದ್ದಿದ. ಅವಳ ಅಂಗೈ ಜುಂ ಎಂದಿತು.

“ಬಟ್ಟೆ ಅರ್ಧ ನುಂಗುತ್ತೆ, ಅರ್ಧ ವಾಪಸ್ ತಳ್ಳುತ್ತೆ. ಇಲ್ಲಿ ಕೂತವನಿಗೆ ಎರಡೇಟು. ಅಲ್ಲಿ ಕೂತವನಿಗೆ ಅರ್ಧ ಏಟೂ ಇಲ್ಲ. ಅವರ ಮೀಟರ್ ಬೆಂಚಿನ ಮೇಲೆ ಕೂತಿದೆ. ನಾವು ಇಲ್ಲಿ.”

“ಇಷ್ಟೇನಾ? ಇಷ್ಟು ಓದ್ಕೊಂಡೋರಿಗೆ ಇದು ತಿಳಿಯಲ್ವಾ?”

“ತಿಳಿಯುತ್ತೆ,” ಎಂದ ಉದ್ದಣ್ಣ. “ತಿಳಿದೇ ಅಲ್ಲಿಟ್ಟಿರೋದು.”

ಅದಾಗಿ ಹದಿನೇಳನೇ ದಿನ, ಎಂದಿನಂತೆ ಸಿಡಿಸುವ ಮುಂಚೆ ಕಿವಿ ಕೋಣೆಯ ಸೂರನ್ನು ಮೂಲೆಮೂಲೆ ಬಡಿದು ನೋಡಿದ. ಗಟ್ಟಿಯಾಗಿಯೇ ಕೇಳಿಸಿತು. ಹತ್ತು ಜನ ಹಿಡಿಯುವ ಕೋಣೆಯೊಳಗೆ ಹನ್ನೆರಡು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಉದ್ದಣ್ಣ ಕಾಲು ಮಡಿಸಲು ಜಾಗ ಸಾಲದೆ ಬಾಗಿಲ ಹತ್ತಿರ ಒರಗಿದ. ಮದ್ದು ಹಚ್ಚುವ ಮುದುಕ, ಎಲ್ಲರ ಮದ್ದಜ್ಜ, ಸಿಡಿಸುವ ಪೆಟ್ಟಿಗೆಯ ಕೀಲಿ ತಿರುಗಿಸಿದ. ಎದುರಿನಿಂದ ಒಂದು ಏಟು ಬಂತು. ಬೆನ್ನಿನ ಕಡೆಯಿಂದ ಇನ್ನೊಂದು. ಆಮೇಲೆ ಬಾಗಿಲಿನಷ್ಟು ದೊಡ್ಡ ಚಪ್ಪಡಿಯೊಂದು ಸದ್ದೇ ಇಲ್ಲದೆ ಸೂರಿನಿಂದ ಬಿಟ್ಟುಕೊಂಡು ಉದ್ದಣ್ಣನ ಸೊಂಟದ ಮೇಲೆ ಕೂತಿತು. ಅವನು ಕೂಗಲಿಲ್ಲ. “ಎತ್ರೋ,” ಎಂದ, ಯಾರದೋ ಚೀಲ ಎತ್ತಲು ಹೇಳುವವನ ಹಾಗೆ.

ಆಸ್ಪತ್ರೆಯಲ್ಲಿ ಮೂರನೇ ದಿನ ಅವನಿಗೆ ಎಚ್ಚರವಾಯಿತು. “ಕಾಲು ಮಂಚದಿಂದ ಆಚೆ ಇದಾವೇನೇ? ತಣ್ಣಗೇ ಆಗ್ತಿಲ್ಲ,” ಎಂದು ಕೇಳಿದ. ಕಾಲು ಆಚೆಯೇ ಇದ್ದವು. ಲ್ಯಾಂಪಕ್ಕ ಎದ್ದು ಅವುಗಳಿಗೆ ಹೊದಿಕೆ ಹೊದಿಸಿದಳು.

ಮಾರನೇ ದಿನ ಕಂಪನಿಯ ಗುಮಾಸ್ತ ಬಂದು ಒಂದು ಕಾಗದ ಓದಿದ. “ಸದರಿ ಕಾರ್ಮಿಕನು ಸೂಚನೆಗಳನ್ನು ಕಡೆಗಣಿಸಿ, ಆಸರೆ ಕೋಣೆಯ ಬಾಗಿಲ ಬಳಿ ಅಜಾಗರೂಕತೆಯಿಂದ ಒರಗಿ ಕುಳಿತಿದ್ದರಿಂದ…” ಓದುತ್ತಲೇ ಶಾಯಿಯ ಡಬ್ಬಿ ಮುಚ್ಚಳ ತೆಗೆದ.

“ಅವರಿಗೆ ಸಹಿ ಮಾಡೋಕೆ ಬರುತ್ತೆ,” ಎಂದಳು ಲ್ಯಾಂಪಕ್ಕ. “ಇದಕ್ಕೆ ಮಾಡಲ್ಲ.”

“ನೋಡಮ್ಮ, ಹೇಳಿದಷ್ಟು ಮಾಡಿದ್ರೆ ನಿನಗೇ ಒಳ್ಳೇದು.”

“ಡಬ್ಬಿ ಮುಚ್ಚಿಕೊಂಡು ಹೋಗ್ರೀ.”

ಅವನು ಹೋದ. ಮರುದಿನ ಕೆಲಸ ಮುಗಿಸಿ ಅವಳು ಆಸ್ಪತ್ರೆಗೆ ಬಂದಾಗ ಉದ್ದಣ್ಣನ ಎಡ ಹೆಬ್ಬೆರಳು ನೀಲಿಯಾಗಿತ್ತು. ಅವಳು ಆ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಉಗುರಿನ ಸಂದಿಗೂ ಶಾಯಿ ಇಳಿದಿತ್ತು.

“ಯಾರು ಬಂದಿದ್ರು?”

“ಗೊತ್ತಿಲ್ಲ. ಸೂಜಿ ಚುಚ್ಚಿದ್ರು, ಮಂಪರಿತ್ತು. ಯಾರೋ ಕೈ ಹಿಡ್ಕೊಂಡ್ರು.” ಉದ್ದಣ್ಣ ಕಣ್ಣು ಮುಚ್ಚಿಕೊಂಡ. “ಡಾಕ್ಟ್ರು ಅಂದ್ಕೊಂಡೆ. ಮೆತ್ತಗೆ ಹಿಡ್ಕೊಂಡಿದ್ರು.”

ಅವಳು ಒದ್ದೆ ಬಟ್ಟೆಯಿಂದ ತಿಕ್ಕಿದಳು. ಸೋಪು ಹಾಕಿ ತಿಕ್ಕಿದಳು. ಚರ್ಮ ಕೆಂಪಾಗುವವರೆಗೂ ತಿಕ್ಕಿದಳು. ನೀಲಿ ಹೋಗಲಿಲ್ಲ.

ವಾರದ ನಂತರ ಸರ್ಕಾರದ ಇನ್‌ಸ್ಪೆಕ್ಟರ್ ವಿಚಾರಣೆಗೆ ಬಂದ. ಮ್ಯಾನೇಜರನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು, ಹೆಬ್ಬೆಟ್ಟಿನ ಕಾಗದ ನೋಡಿದ, ಮೀಟರಿನ ಕಾಗದ ನೋಡಿದ. ಕಿವಿಯನ್ನು ಬಾಗಿಲಲ್ಲಿ ನಿಲ್ಲಿಸಿದ್ದರು. ಬೂಟಿನ ಕೆಸರು ಒಳಗಾಗುತ್ತದೆ ಎಂದು.

“ಅವತ್ತು ಸೂರು ಬಡಿದು ನೋಡಿದ್ದು ನೀನೇನಾ?”

“ಹೌದು ಸಾರ್. ಗಟ್ಟಿಯಾಗಿತ್ತು.”

“ಗಟ್ಟಿಯಾಗಿದ್ದು ಬಿತ್ತಾ?”

“ಸಿಡಿಸೋಕೆ ಮುಂಚೆ ಗಟ್ಟಿಯಾಗಿತ್ತು. ಆ ಪಟ್ಟಿಯಿಂದ ಅದುರಾಟ ವಾಪಸ್ ಬಡಿಯುತ್ತೆ ಸಾರ್. ದಿನಾ ಎರಡೇಟು ತಿಂದು ತಿಂದು…”

“ಇಲ್ಲಿ ಮೂರೂವರೆ ಅಂತಿದೆ.” ಇನ್‌ಸ್ಪೆಕ್ಟರ್ ಕಾಗದದ ಮೇಲೆ ಪೆನ್ನಿನಿಂದ ತಟ್ಟಿದ. “ಮೂರೂವರೆಗೆ ಸೂರು ಬೀಳಲ್ಲ. ಹಾಗಾದ್ರೆ ನೀನು ಸರಿಯಾಗಿ ಬಡಿದು ನೋಡಿಲ್ಲ. ಮೀಟರ್ ಸುಳ್ಳು ಹೇಳುತ್ತಾ?”

“ಸುಳ್ಳು ಹೇಳಲ್ಲ ಸಾರ್. ಅದನ್ನ ಎಲ್ಲಿ ಕೂರಿಸ್ತಾರೋ ಅಲ್ಲಿಂದು ಹೇಳುತ್ತೆ. ನೀವೇ ಬನ್ನಿ. ಒಂದೇ ಸಲ ಆ ಕೋಣೇಲಿ ಕೂತು ನೋಡಿ. ಸಾಹೇಬರೂ ಬರ್ಲಿ. ಮೂರೂವರೆ ತಾನೇ.”

ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡ. ಮ್ಯಾನೇಜರ್ ನಕ್ಕು, “ಇವನಿಗೆ ಸ್ವಲ್ಪ ಕಿವಿ ಜಾಸ್ತಿ, ಸಾರ್,” ಎಂದ. ಇನ್‌ಸ್ಪೆಕ್ಟರನೂ ನಕ್ಕ. ಮೀಟರ್ ಸಾಹೇಬ ತನ್ನ ಫೈಲಿನ ದಾರ ಬಿಚ್ಚುತ್ತ, ಕಟ್ಟುತ್ತ ಇದ್ದ.

ಮುಂದಿನ ಸಿಡಿತದ ದಿನ ಪೆಟ್ಟಿಗೆ ಹೊತ್ತುಕೊಂಡು ಕಿವಿ ಮೀಟರ್ ಸಾಹೇಬನ ಹಿಂದೆ ನಡೆಯುತ್ತಿದ್ದ. ಪಟ್ಟಿ ಹತ್ತಿರವಾದಾಗ ಸಾಹೇಬ ನಿಂತ. “ನಾನು ರಿಪೋರ್ಟಲ್ಲಿ ಬರೆದಿದ್ದೆ,” ಎಂದ, ಗೋಡೆಗೆ ಹೇಳುವವನಂತೆ. “ಮೀಟರ್ ಪಟ್ಟಿಯ ಎರಡೂ ಕಡೆ ಇಡಬೇಕು ಅಂತ. ಆ ಸಾಲು ಹೊಡೆದು ವಾಪಸ್ ಕಳಿಸಿದ್ರು.” ಆಮೇಲೆ, “ನಂಗೆ ಯಾಕೋ ಹೊಟ್ಟೆ ಸರಿಯಿಲ್ಲ. ನೀನೇ ಇಟ್ಟುಬಿಡು,” ಎಂದು ತಿರುಗಿ ನಡೆದ.

ಕಿವಿ ಮೀಟರನ್ನು ಕೋಣೆಯೊಳಗೆ, ಉದ್ದಣ್ಣ ಕೂತಿದ್ದ ಜಾಗದಲ್ಲಿ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ. ಜನರನ್ನೆಲ್ಲ ಪಟ್ಟಿಯ ಆಚೆ ದೂರಕ್ಕೆ ಕರೆದುಕೊಂಡು ಹೋದ. ಮದ್ದಜ್ಜ ಅಲ್ಲಿಗೇ ತಂತಿ ಎಳೆದುಕೊಂಡು ಬಂದು ಕೀಲಿ ತಿರುಗಿಸಿದ. ಹೊಗೆ ಇಳಿದ ಮೇಲೆ ಹೋಗಿ ನೋಡಿದರೆ ಕಾಗದದಲ್ಲಿ ಇಪ್ಪತ್ತನಾಲ್ಕು.

ಕಿವಿಗೆ ಓದು ಬರುವುದು ಅಷ್ಟಕ್ಕಷ್ಟೆ, ಆದರೆ ಅಂಕಿ ಬರುತ್ತಿತ್ತು. ಕಾಗದವನ್ನು ನಾಲ್ಕು ಜನರಿಗೆ ತೋರಿಸಿ ಖಾತ್ರಿ ಮಾಡಿಕೊಂಡ. ಎರಡು, ನಾಲ್ಕು. ಅವನಿಗೆ ಅಳು ಬಂದಂತಾಯಿತು. ಇಷ್ಟು ದಿನ ತನ್ನ ಬೆನ್ನು ಹೇಳುತ್ತಿದ್ದುದನ್ನೇ ಕೊನೆಗೂ ಅವರ ಯಂತ್ರವೇ ಹೇಳಿತ್ತು. ಇನ್ನು ಯಾರೂ ‘ಇಲ್ಲ’ ಅನ್ನುವ ಹಾಗಿಲ್ಲ ಎಂದುಕೊಂಡ.

ಮ್ಯಾನೇಜರ್ ಕಾಗದ ನೋಡಿದ. ಎರಡು ಸಲ ನೋಡಿದ. “ಯಾರು ಹೇಳಿದ್ದು ನಿಂಗೆ ಮೀಟರ್ ಮುಟ್ಟೋಕೆ?”

“ಸಾರ್, ಅಂಕಿ ನೋಡಿ.”

“ಯಾರು ಹೇಳಿದ್ದು ಅಂದೆ.” ಮೀಟರ್ ಸಾಹೇಬನ ಕಡೆ ತಿರುಗಿದ.

“ನಂಗೊತ್ತಿಲ್ಲ ಸಾರ್. ನಾನು ಇರಲಿಲ್ಲ. ಇವನೇ…” ಸಾಹೇಬ ಫೈಲನ್ನು ಎದೆಗೆ ಒತ್ತಿಕೊಂಡ. “ಕಂಡೋರೆಲ್ಲ ಮುಟ್ಟಿದ್ರೆ ಮೀಟರ್ ತಪ್ಪು ತೋರಿಸುತ್ತೆ ಸಾರ್.”

ಕಿವಿ ಅವನ ಮುಖವನ್ನೇ ನೋಡಿದ. ಮ್ಯಾನೇಜರ್ ಕಾಗದವನ್ನು ಉದ್ದಕ್ಕೆ ಹರಿದ, ಅಡ್ಡಕ್ಕೆ ಹರಿದ, ಮೀಟರಿನಲ್ಲಿ ಉಳಿದಿದ್ದನ್ನು ಅಳಿಸಿ ಅದನ್ನು ಮತ್ತೆ ಪಟ್ಟಿಯ ಆಚೆಗೇ ಇಡಲು ಸಾಹೇಬನಿಗೆ ಹೇಳಿದ. “ಕಂಪನಿ ಯಂತ್ರ ಕೆಡಿಸಿದ್ದಕ್ಕೆ ಸಸ್ಪೆಂಡು. ಬಿಲ್ಲೆ ಇಡು ಇಲ್ಲಿ. ಪೊಲೀಸಿಗೆ ಕೊಡ್ಲಿಲ್ಲ ಅಂತ ಕೈ ಮುಗಿದು ಹೋಗು, ನನ್ಮಗನೆ.”

ಕಿವಿ ಬಿಲ್ಲೆ ಇಟ್ಟ. ಕೈ ಮುಗಿಯಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಲ್ಯಾಂಪಕ್ಕ ಹತ್ತು ದೀಪ ಕೊಟ್ಟು ಹತ್ತು ಬಿಲ್ಲೆ ನೇತುಹಾಕಿದಳು. ಕಿವಿ ಲ್ಯಾಂಪ್ ರೂಮಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಮನೆಯಲ್ಲಿ ಕೂರಲು ಆಗಿರಲಿಲ್ಲ. ಹನ್ನೊಂದರ ಹೊತ್ತಿಗೆ ಗಣಿಯೊಳಗಿನ ಫೋನು ಬಂತು. ಆ ಫೋನು ಇದ್ದದ್ದು ಅವಳ ಕಟ್ಟೆಯ ಮೇಲೆಯೇ. ಮ್ಯಾನೇಜರ್ ಓಡಿ ಬಂದು ಎತ್ತಿಕೊಂಡ. ಮದ್ದಜ್ಜನಿಗೆ ಮೊದಲಿನಿಂದಲೂ ಫೋನಿನಲ್ಲಿ ಕೂಗಿ ಮಾತಾಡಿಯೇ ಅಭ್ಯಾಸ, ಅವನ ಮಾತು ಬೆಂಚಿನವರೆಗೂ ಕೇಳಿಸುತ್ತಿತ್ತು.

“ಸಾರ್, ಮದ್ದು ತುಂಬಿ ಆಯ್ತು. ನಾವು ಕೋಣೇಲಿ ಕೂತಿಲ್ಲ. ಮೀಟರ್ ಪಕ್ಕ ಕೂತಿದೀವಿ.”

“ಯಾವನು ಹೇಳಿದ್ದು ಅಲ್ಲಿ ಕೂರೋಕೆ? ಕೋಣೆಗೆ ನಡೀರಿ.”

“ನೀವೇ ಹೇಳಿದ್ರಲ್ಲ ಸಾರ್, ಹತ್ತು ಹೆಜ್ಜೆಗೆ ಏನು ವ್ಯತ್ಯಾಸ ಅಂತ.”

ಬೆಂಚಿನ ಮೇಲೆ ಕಿವಿ ತಲೆಯೆತ್ತಿದ. ಮ್ಯಾನೇಜರ್ ಬೈದ. ಅಜ್ಜನ ತಾಯಿಯನ್ನೂ ಸೇರಿಸಿಕೊಂಡು ಬೈದ. ಆ ಕಡೆಯಿಂದ ಅಜ್ಜ ಪೂರ್ತಿ ಕೇಳಿಸಿಕೊಂಡು, “ಮೀಟರ್ ಎಲ್ಲಿರುತ್ತೋ ನಾವು ಅಲ್ಲೇ ಇರ್ತೀವಿ ಸಾರ್. ಅದನ್ನ ಕೋಣೆಗೆ ತನ್ನಿ, ಅದು ಹತ್ತರೊಳಗೆ ತೋರಿಸ್ಲಿ, ನಾವೂ ಬರ್ತೀವಿ. ಅಲ್ಲಿವರೆಗೂ ಕೀಲಿ ನನ್ನ ಜೇಬಲ್ಲಿರುತ್ತೆ,” ಎಂದ.

ಮ್ಯಾನೇಜರ್ ಫೋನು ಕುಕ್ಕಿದ. ಹೊರಗೆ ಬಂದು, ಗಣಿಗೆ ಜನರನ್ನು ಇಳಿಸಿ ಹತ್ತಿಸುವ ಕಬ್ಬಿಣದ ಬೋನಿನ ಕಡೆ ಕೈ ತೋರಿಸಿ ವಾಚ್‌ಮನ್‌ಗೆ ಹೇಳಿದ. “ಎಂಜಿನ್ ರೂಮಿಗೆ ಹೇಳು. ನಾನು ಹೇಳೋ ತನಕ ಬೋನು ಕದಲಬಾರದು. ಇವತ್ತು ಹತ್ತು ಹೆಜ್ಜೆ ಬಿಟ್ಟುಕೊಟ್ರೆ ನಾಳೆ ತಲೆ ಮೇಲೆ ಕೂರ್ತಾರೆ. ಅಲ್ಲೇ ಬಿದ್ದಿರ್ಲಿ. ತಾವಾಗೇ ಬೇಡ್ಕೊಳ್ತಾರೆ.”

ಎರಡು ಗಂಟೆಗೆ ಪಾಳಿ ಮುಗಿಯಿತು. ಯಾರೂ ಮೇಲೆ ಬರಲಿಲ್ಲ. ಎರಡನೇ ಪಾಳಿಗೆ ಬಂದವರನ್ನು ಮನೆಗೆ ಹೋಗಲು ಹೇಳಿದರು. ಅವರು ಗೇಟಿನ ಹೊರಗೆ ಹೋಗಿ ಅಲ್ಲಿಯೇ ನಿಂತರು. ಕಿವಿ ಎಂಜಿನ್ ರೂಮಿನವರೆಗೆ ಹೋಗಿ ಬಂದ. “ಎಂಜಿನ್ ನಡೆಸೋನೂ ಏನ್ಮಾಡ್ತಾನೆ? ಹೆಂಡ್ತಿ ಮಕ್ಕಳಿರೋನು ಅಂತಾನೆ,” ಎಂದ. ಅಕ್ಕ ಮೊಳೆಗಳನ್ನು ನೋಡುತ್ತಿದ್ದಳು. ದೀಪ ಹೊಸದಾದರೆ ಹತ್ತು ಗಂಟೆ ಉರಿಯುತ್ತದೆ. ಮದ್ದಜ್ಜನ ದೀಪದ ಬ್ಯಾಟರಿ ಹಳೆಯದು, ಎಂಟಕ್ಕೇ ಸಾಯುತ್ತದೆ. ಬದಲಿಸಿಕೊಡಿ ಎಂದು ಮೂರು ಸಲ ಬರೆದುಕೊಟ್ಟಿದ್ದಳು. ಅಂದರೆ ಅಜ್ಜ ಈಗಾಗಲೇ ಕತ್ತಲಲ್ಲಿದ್ದಾನೆ. ಎರಡನೆಯವನದು ಮೂರಕ್ಕೆ. ನಾಲ್ಕರೊಳಗೆ ಎಲ್ಲರದ್ದೂ. ತುಂಬಿಟ್ಟ ಮದ್ದಿನ ಮುಂದೆ, ದೀಪವಿಲ್ಲದೆ, ಹತ್ತು ಜನ.

ಮೂರೂಕಾಲಿಗೆ ಅವಳು ಎದ್ದು ಚಾರ್ಜಾಗಿದ್ದ ದೀಪಗಳನ್ನು ತಂತಿಯಿಂದ ಬಿಡಿಸತೊಡಗಿದಳು. ಐದು ತನ್ನ ಹೆಗಲಿಗೆ ಹಾಕಿಕೊಂಡಳು, ಐದು ತಮ್ಮನ ಹೆಗಲಿಗೆ. ಇನ್ನೆರಡು ಹೆಲ್ಮೆಟ್ಟುಗಳಿಗೆ ಸಿಕ್ಕಿಸಿದಳು.

“ಅಕ್ಕ, ನಿಂಗೆ ಇಳಿದು ಗೊತ್ತಿಲ್ಲ.”

“ಇಪ್ಪತ್ತು ವರ್ಷ ಎಲ್ಲರನ್ನೂ ಇಳಿಸಿದೀನಿ. ನಡಿ.”

ವಾಚ್‌ಮನ್ ತಡೆಯಲು ಬಂದವನು ಅವಳ ಮುಖ ನೋಡಿ ಪಕ್ಕಕ್ಕೆ ಸರಿದು ಬೀಡಿ ಹುಡುಕತೊಡಗಿದ. ಇಬ್ಬರೂ ಬೋನಿನೊಳಗೆ ಹೋದರು. ಕಿವಿ ಸರಳಿನ ಬಾಗಿಲು ಎಳೆದು ಚಿಲಕ ಹಾಕಿದ. ಒಳಗೆ ತೂಗುತ್ತಿದ್ದ ಹಗ್ಗ ಎಳೆದರೆ ಎಂಜಿನ್ ರೂಮಿನಲ್ಲಿ ಗಂಟೆ ಬಾರಿಸುತ್ತದೆ. ಒಂದು ಎಂದರೆ ನಿಲ್ಲಿಸು. ಎರಡು ಎಂದರೆ ಸಾಮಾನು. ಮೂರು ಎಂದರೆ ಒಳಗೆ ಮನುಷ್ಯರಿದ್ದಾರೆ, ಇಳಿಸು. ಎಂಜಿನ್‌ನವನು ಅಷ್ಟೇ ಗಂಟೆ ತಿರುಗಿ ಬಾರಿಸಿದ ಮೇಲೆ ಬೋನು ಕದಲುತ್ತದೆ.

ಅವಳು ಮೂರು ಸಲ ಎಳೆದಳು. ಉತ್ತರ ಬರಲಿಲ್ಲ.

ಗೇಟಿನ ಹೊರಗಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದು ಸುತ್ತ ನಿಂತರು. ಮ್ಯಾನೇಜರ್ ಆಫೀಸಿನಿಂದ ಓಡುತ್ತ ಬಂದ. ಸರಳುಗಳ ನಡುವೆ ಕೈ ತೂರಿಸಿ ಚಿಲಕಕ್ಕೆ ತಡಕಾಡಿದ. “ಹೊರಗೆ ಬಾರೇ, ಮುಂಡೇದೆ. ಗಂಡನ ಕಾಲು ಹೋಗಿದ್ದು ಸಾಲಲ್ವಾ ನಿಂಗೆ? ಈ ಬೋನು ಕದಲಿದ್ರೆ ಇಲ್ಲಿರೋ ಒಬ್ಬನಿಗೂ ನಾಳೆ ಕೆಲಸ ಇರಲ್ಲ. ಕೇಳಿಸ್ತಾ? ಎಲ್ಲರಿಗೂ ಹೇಳ್ತಿದೀನಿ.”

ಯಾರೂ ಮುಖ ತಿರುಗಿಸಲಿಲ್ಲ. ಲ್ಯಾಂಪಕ್ಕ ಇನ್ನೊಮ್ಮೆ ಹಗ್ಗಕ್ಕೆ ಕೈ ಹಾಕಿದಳು. ಒಳಗೆ ಚಾಚಿದ್ದ ಮ್ಯಾನೇಜರನ ಕೈಯನ್ನು, ಅದರ ಗಡಿಯಾರವನ್ನು, ಶುಭ್ರವಾದ ಉಗುರುಗಳನ್ನು ನೋಡಿದಳು.

“ಕೈ ತಗೀರಿ ಸಾರ್,” ಎಂದಳು. “ಬೋನು ಇಳಿಯುವಾಗ ಕೈ ಒಳಗಿದ್ರೆ ಉಳಿಯಲ್ಲ.”

ಮೂರು ಸಲ ಎಳೆದಳು.

ಎಂಜಿನ್ ರೂಮಿನಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಗಂಟೆ ಬಾರಿಸಿತು. ಒಂದಾದ ಮೇಲೆ ಒಂದು, ಮೂರು.

ಮ್ಯಾನೇಜರ್ ಕೈ ತೆಗೆದ.